ಹದಿನೇಳರ ಮಗ್ಗಿ

೪ ಮಾರ್ಚ್, ಸೋಮವಾರ

ಪ್ರೀತಿಯ ತಂಗಿಗೆ,

ಕಳೆದ ಪತ್ರದಲ್ಲಿ ನಾನೊಂದು ತಪ್ಪು ಬರೆದೆ. ಮೊದಲು ಅದಕ್ಕೆ ಕ್ಷಮೆ ಕೇಳುತ್ತೇನೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿದೆ, ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ ಎಂದು ನೀನು ಬರೆದಿದ್ದೆ. ಅದು ವಯೋಧರ್ಮ, ಅಪ್ಪನೂ ಎಪ್ಪತ್ತರ ಮೇಲೆ ಹೀಗೆಯೇ ಏಳುತ್ತಿದ್ದರು, ವೈದ್ಯರ ಬಳಿಗೆ ಓಡಬೇಡ ಎಂದು ಉತ್ತರಿಸಿದೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಚಪಲಕ್ಕೆ ನಿನ್ನ ಪತ್ರವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದೆ. ಬಾಯಾರಿಕೆಯ ಮಾತಿನ ಮೇಲೆ ಕಣ್ಣು ನಿಲ್ಲಲೇ ಇಲ್ಲ.

ಮೊನ್ನೆ ಕಾಲಿನ ಗಾಯ ಮಾಯದೆ ವೈದ್ಯೆಯ ಬಳಿಗೆ ಹೋಗಿದ್ದೆ. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದರು. ವಯಸ್ಸಾಯಿತಲ್ಲ ಎಂದೆ. ಪಾಪ, ವಯಸ್ಸಿನ ತಲೆಗೆ ಎಲ್ಲವನ್ನೂ ಕಟ್ಟಬೇಡಿ ಎಂದು ನಕ್ಕು, ಬೆರಳು ಮಡಿಚುತ್ತ ಎಣಿಸಿದರು: ಸಂಜೆಯ ಮೇಲಿನ ಕಾಫಿ, ಕಾಲಿನ ಬಾವು, ಕೆಲವು ಮಾತ್ರೆಗಳು, ಮೂತ್ರಕೋಶದ ಸೋಂಕು, ಗಂಡಸರಿಗೆ ಗ್ರಂಥಿಯ ಊತ, ಸಕ್ಕರೆ ಕಾಯಿಲೆ. ಪರೀಕ್ಷಿಸಿದಾಗ ನನ್ನದು ಆ ಕೊನೆಯದೇ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದರೆ, ಇಲ್ಲವೆಂದು ಎದೆ ತಟ್ಟಿ ಹೇಳಿ ಬಂದೆ.

ಮನೆಯ ಮೆಟ್ಟಿಲು ಹತ್ತುವಾಗ ನಮ್ಮ ಹಳೆಯ ಹಿತ್ತಿಲು ನೆನಪಾಯಿತು. ಕಕ್ಕಸಿನ ತಗಡಿನ ಕದದ ಒಳಗೆ ನೀನು, ಹೊರಗೆ ಲಾಟೀನು ಹಿಡಿದ ನಾನು. ನಾನು ಬಿಟ್ಟುಹೋಗಿಲ್ಲವೆಂದು ನಿನಗೆ ತಿಳಿಯಲು ಮಗ್ಗಿ ಹೇಳುತ್ತಲೇ ಇರಬೇಕಿತ್ತು. ಉಸಿರೆಳೆಯಲು ನಿಂತರೂ ಒಳಗಿನಿಂದ ರಾಗ ಶುರುವಾಗುತ್ತಿತ್ತು. ನನ್ನ ಹಿಂದೆ ಸರದಿಯಲ್ಲಿ ಯಾರಿರುತ್ತಿದ್ದರು, ಹೇಳು? ತಂಬಿಗೆಯೆತ್ತಿ ಗಟಗಟನೆ ನೀರು ಕುಡಿಯುತ್ತ, ಅಪ್ಪ.

"ಬೇಗ ಬಾರೇ ಮಹಾರಾಣಿ, ನಿಮ್ಮಣ್ಣ ಹದಿನೇಳರ ಮಗ್ಗಿ ಮುಗಿಸ್ತಾ ಬಂದ. ಇನ್ನು ನನ್ ಕೈಲಾಗಲ್ಲ."

ನಾವು ಎಷ್ಟು ನಗುತ್ತಿದ್ದೆವು!

ಆ ಮಗ್ಗಿ ನಾನು ಕಲಿತದ್ದು ಐದನೆಯ ತರಗತಿಯಲ್ಲಿ. ಆಗ ಅಪ್ಪನಿಗೆ ನಲವತ್ತಮೂರು. ಮುಂದೆ ಅವರ ಕಣ್ಣು ಮಂಜಾದಾಗಲೂ ನಾವು ವಯಸ್ಸೆಂದೇ ಸುಮ್ಮನಾದೆವು.

ಅಣ್ಣ ಬೇಡವೆಂದಿದ್ದಾನೆಂದು ನೀನಿನ್ನೂ ಪರೀಕ್ಷೆಗೆ ಹೋಗಿಲ್ಲವಂತೆ. ನಿನ್ನ ಯಜಮಾನರು ಕಾರ್ಡು ಬರೆದಿದ್ದಾರೆ. ನನ್ನ ಬರಹವನ್ನು ಇಷ್ಟು ನಂಬುವವಳು ನೀನೊಬ್ಬಳೇ. ಆ ಪತ್ರವನ್ನು ಹರಿದು ಹಾಕು, ತಾಯಿ.

ಕದದ ಹೊರಗೇ ನಿಂತಿರುವ,
ನಿನ್ನ ಅಣ್ಣ

ಮರೆತ ಮಾತು: ಕಳೆದ ಪತ್ರದ ಕಾಲನಿರ್ದೇಶಗಳನ್ನು ಹೀಗೆ ತಿದ್ದಿಕೊಳ್ಳುವುದು.

ಅಪ್ಪ ರಾತ್ರಿ ಏಳತೊಡಗಿದ್ದು: ಎಪ್ಪತ್ತರ ಮೇಲೆ ಅಲ್ಲ, ನಲವತ್ತಮೂರರ ಹೊತ್ತಿಗೇ.

ನಾನು ಏಳತೊಡಗಿದ್ದು: ಕಳೆದ ತಿಂಗಳಲ್ಲ, ಮೂರು ವರ್ಷದ ಹಿಂದೆ. ನಾಚಿಕೆಯಿಂದ ಮುಚ್ಚಿಟ್ಟಿದ್ದೆ.

ನಾನು ನಿನ್ನಲ್ಲಿಗೆ ಬರುವುದು: ಬೇಸಿಗೆ ಕಳೆದ ಮೇಲೆ ಅಲ್ಲ, ಇದೇ ಹದಿನಾಲ್ಕರ ಗುರುವಾರ, ಬೆಳಗಿನ ಮೊದಲ ಬಸ್ಸಿಗೆ. ಏನೂ ತಿನ್ನದೆ ಸಿದ್ಧಳಾಗಿರು. ರಕ್ತ ತೆಗೆಯುವ ಕೋಣೆಯ ಹೊರಗೆ ನಿಂತು ಹದಿನೇಳರ ಮಗ್ಗಿ ಹೇಳುತ್ತಿರುತ್ತೇನೆ.