ಕತ್ತೆಯಮ್ಮನಿಗೆ ನಾಲ್ಕೂವರೆ

ಮಾರ್ಚ್ 2, ಶನಿವಾರ. ಸಂಜೆ 6.40

ಬೇಗ ಅಂಗಡಿ ಮುಚ್ಚಿ ಬಂದೆ. ಒಬ್ಬರ ಓದುವ ಕನ್ನಡಕ ಬಾಕಿ ಉಳಿಯಿತು. ಸೋಮವಾರ ನೋಡೋಣ. ಶನಿವಾರದ ಆರು ಗಂಟೆ ಕತ್ತೆಯಮ್ಮನದು.

‘ಕತ್ತೆಯಮ್ಮನ ಬಸ್ಸು’, ಕಂತು 211. ಬ್ರೇಕ್ ಫೇಲ್. ಡ್ರೈವರ್ ಬಾತುಕೋಳಿಗೆ ಹರಟೆಯೇ ಹರಟೆ, ಗಮನವಿಲ್ಲ. ಕಂಡಕ್ಟರ್ ಕತ್ತೆಯಮ್ಮ ಟಿಕೆಟ್ ಹರಿಯುತ್ತಾ, ಏನೂ ಆಗದವಳಂತೆ, “ಮುಂದಿನ ಸ್ಟಾಪ್... ಗೋಡೆ” ಅನ್ನುತ್ತಾಳೆ. ಆ ನಡುವಿನ ಸಣ್ಣ ಮೌನ! ನಗು ಇರುವುದೇ ಅಲ್ಲಿ. ಹತ್ತಕ್ಕೆ ಎಂಟೂವರೆ.

ಆಮೇಲೆ ಬರುವ ರೋಬೋ ಬೆಕ್ಕಿನದು — ಎಲ್ಲರೂ ಕಿರುಚುತ್ತಾರೆ, ಯಾರಿಗೂ ಮಾತಾಡಲು ಬರುವುದಿಲ್ಲ. ಎರಡು. ಅದೂ ದಯೆ ತೋರಿಸಿ.

ಹೆಂಡತಿ: “ಐವತ್ತೆರಡನೇ ವಯಸ್ಸಿಗೆ ಕಾರ್ಟೂನು! ಅಕ್ಕನ ದನಿ ಕೇಳ್ಬೇಕು ಅಂದ್ರೆ ಒಂದು ಫೋನ್ ಮಾಡಿ, ಆಗಲ್ವಾ?”

ಟಿವಿ ಸೌಂಡ್ ಜಾಸ್ತಿ ಮಾಡಿದೆ.

ಮಾರ್ಚ್ 9, ಶನಿವಾರ

ಕಂತು 212. ಕಥೆ ಸಾಧಾರಣ, ಕಳೆದುಹೋದ ಕೊಡೆಯ ಹುಡುಕಾಟ. ಆದರೆ ನಿದ್ದೆ ಹೊಡೆಯುವ ಬಾತುಕೋಳಿಯನ್ನು ಕತ್ತೆಯಮ್ಮ ಎಬ್ಬಿಸಿದಳು: “ಏಳೋ ಗಡವ, ಹೊತ್ತು ನೆತ್ತಿಗೆ ಬಂತು!” ಥೇಟ್ ನಮ್ಮಮ್ಮ. ‘ಗಡವ’ದ ಮೇಲಿನ ಒತ್ತು ಕೂಡ. ಏಳೂವರೆ.

ಈ ಅರ್ಧ ಮಾರ್ಕ್ಸ್ ಹಳೇ ಚಾಳಿ. ಚಿಕ್ಕಂದಿನಲ್ಲಿ ಅಕ್ಕನೂ ನಾನೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕಾರ್ಟೂನುಗಳಿಗೆ ಮಾರ್ಕ್ಸ್ ಹಾಕುತ್ತಿದ್ದೆವು. ಅವಳು ಪೂರ್ತಿ ಕೊಡುತ್ತಿದ್ದಳು. ನನ್ನದಕ್ಕೆ ಯಾವಾಗಲೂ ಒಂದು ಅರ್ಧದ ಬಾಲ.

ಇದನ್ನು ಇಲ್ಲಿ ಇದುವರೆಗೆ ಬರೆದಿಲ್ಲ. ಐದು ವರ್ಷವಾಯಿತು ಅಕ್ಕನ ಜೊತೆ ಮಾತು ಬಿಟ್ಟು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಕ್ಕ ಕತ್ತೆಯಮ್ಮನಿಗೆ ದನಿ ಕೊಡಲು ಎರಡು ಗಂಟೆ ರೆಕಾರ್ಡಿಂಗ್‌ಗೆ ಹೋಗಿ ಬಂದಳು. ಅಷ್ಟರಲ್ಲಿ ಅಮ್ಮ ಇರಲಿಲ್ಲ. ಎಲ್ಲರೆದುರು ಅಂದುಬಿಟ್ಟೆ: “ಅಮ್ಮನ ಹತ್ರ ಕೂರೋದು ಬಿಟ್ಟು ಕತ್ತೆ ಥರ ಕೂಗೋಕೆ ಹೋದ್ಯಾ?” ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅಂದಿನಿಂದ ಒಂದು ಶನಿವಾರವೂ ತಪ್ಪಿಸಿಲ್ಲ.

ಮಾರ್ಚ್ 16, ಶನಿವಾರ. ರಾತ್ರಿ 8

ಕಂತು 213. ಸರಿಯಿಲ್ಲ. ‘ಮುಂದಿನ ಸ್ಟಾಪ್’ ಆದಮೇಲಿನ ಮೌನ ಮೌನವಲ್ಲ — ಉಸಿರು ಎಳೆದುಕೊಂಡದ್ದು. ಜೋಕ್ ನೆಲಕಚ್ಚಿತು. ಒಂದು ಕಡೆ ಕೆಮ್ಮು ಕತ್ತರಿಸಿದ್ದಾರೆ. ಬೇರೆಯವರಿಗೆ ಗೊತ್ತಾಗದು, ನನಗೆ ಗೊತ್ತಾಗುತ್ತದೆ.

ಫೋನ್ ಮಾಡುವ ಮುಖವಿಲ್ಲ. ಚಾನೆಲ್‌ನ ಪೇಜಿಗೆ ‘ಹಳೇ ವೀಕ್ಷಕ’ ಅಂತ ಬರೆದು ಕಳಿಸಿದೆ: “ಕತ್ತೆಯಮ್ಮನಿಗೆ ಉಸಿರು ಸಾಲುತ್ತಿಲ್ಲ. ಹತ್ತಕ್ಕೆ ನಾಲ್ಕೂವರೆ. ದಯವಿಟ್ಟು ಯಾರಾದರೂ ಗಮನ ಕೊಡಿ.”

ಈಗ ಸ್ವಲ್ಪ ನಿರಾಳ.

ಏಪ್ರಿಲ್ 13, ಶನಿವಾರ

ಮೂರು ವಾರ ಹಳೇ ಕಂತುಗಳನ್ನೇ ಹಾಕಿದರು. ಇವತ್ತು ಹೊಸದು, 214.

ಕತ್ತೆಯಮ್ಮ ಬಾಯಿ ತೆರೆದಳು. ಅಕ್ಕ ಅಲ್ಲ. ಯಾರೋ ಚಿಕ್ಕ ವಯಸ್ಸಿನವಳು. ಸ್ಪಷ್ಟ ಉಚ್ಚಾರ, ಗಡಿಬಿಡಿ.

ಪೇಜ್ ನೋಡಿದೆ. ಚಾನೆಲ್‌ನವರ ಉತ್ತರ ಬಂದು ಎರಡು ವಾರವಾಗಿತ್ತು: “ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಗಮನ ಕೊಟ್ಟು ಕತ್ತೆಯಮ್ಮನ ದನಿ ಬದಲಾಯಿಸಿದ್ದೇವೆ.”

ಗಮನ ಕೊಡಿ ಅಂದದ್ದು ಅವಳಿಗೆ...

ಹೆಂಡತಿಗೆ ತೋರಿಸಿದೆ. ಓದಿದಳು. “ನಿಮ್ಮ ಬಾಯಿಗೂ ಬೀಗ ಇಲ್ಲ, ಕೈಗೂ ಇಲ್ಲ,” ಅಂದಳು. ಆಮೇಲೆ ಅಕ್ಕನ ನಂಬರ್ ಬರೆದು ಟಿವಿ ಮೇಲಿಟ್ಟಳು.

ಏಪ್ರಿಲ್ 14, ಭಾನುವಾರ. ಬೆಳಿಗ್ಗೆ 11

ಮಾಡಿದೆ. ಮೂರನೇ ರಿಂಗಿಗೆ ಎತ್ತಿದಳು.

“ಅಕ್ಕಾ, ಆ ಹಳೇ ವೀಕ್ಷಕ...”

“ಗೊತ್ತು ಕಣೋ. ನಂಗೆ ತೋರಿಸಿದ್ರು. ಅರ್ಧ ಮಾರ್ಕ್ಸ್ ಕೊಡೋ ಪುಣ್ಯಾತ್ಮ ಲೋಕದಲ್ಲಿ ಇನ್ನೊಬ್ಬ ಇದ್ದಾನಾ?” ಉಸಿರು. “ಶ್ವಾಸಕೋಶ ಕೈಕೊಟ್ಟಿದೆ. ಆದ್ರೂ ಈ ವರ್ಷದ್ದು ಮುಗಿಸ್ತೀನಿ ಅಂತಿದ್ದೆ. ಮುಗಿಸ್ತಿದ್ದೆ ಕೂಡ.”

“ತಪ್ಪಾಯ್ತು ಅಕ್ಕಾ.”

“ಯಾವುದು? ಇದಾ, ಅದಾ?”

“ಎರಡೂ.”

ಆ ಕಡೆ ಕೆಮ್ಮು. ಆಮೇಲೆ ನೀರು ಕುಡಿದ ಸದ್ದು.

“ಆವತ್ತು ನಾಲ್ಕೂವರೆ ನೋಡಿ ಅತ್ತೆ. ಕೆಲಸ ಹೋಯ್ತು ಅಂತ ಅತ್ತೆ, ನೀನು ನೋಡ್ತಿದ್ದೀಯ ಅಂತಾನೂ ಅತ್ತೆ. ಶನಿವಾರ ಬಾ. ಮಾರ್ಕ್ಸ್ ಹಾಕೋಕೆ ಒಂದು ಪುಸ್ತಕ ತಗೊಂಡು ಬಾ.”

ಏಪ್ರಿಲ್ 20, ಶನಿವಾರ. 5.50

ಅಕ್ಕನ ಮನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಹತ್ತುವಷ್ಟರಲ್ಲಿ ನನಗೇ ಏದುಸಿರು. ಅರ್ಧ ಆಳಾಗಿದ್ದಾಳೆ. ಕನ್ನಡಕದ ಕಡ್ಡಿಗೆ ಟೇಪು ಸುತ್ತಿದ್ದಾಳೆ. ನಂಬರೂ ಹಳೆಯದು, ಪೇಪರನ್ನು ದೂರ ಹಿಡಿದು ಓದುತ್ತಾಳೆ. ತಮ್ಮನದು ಕನ್ನಡಕದ ಅಂಗಡಿ! ನಾಳೆಯೇ ಅಳತೆ ತೆಗೆಯಬೇಕು.

ಅಮ್ಮನ ಮಾತು ಇಬ್ಬರೂ ಎತ್ತಿಲ್ಲ.

6.05

ಕಂತು 215. ಬಾತುಕೋಳಿ ನಿದ್ದೆ ಹೋಗಿದೆ. ಹೊಸ ಕತ್ತೆಯಮ್ಮ ಬಂದಳು. ಅಕ್ಕ ರಿಮೋಟ್ ತೆಗೆದುಕೊಂಡು ಟಿವಿಯ ಸೌಂಡ್ ಪೂರ್ತಿ ನಿಲ್ಲಿಸಿದಳು. “ಬರ್ಕೋ,” ಅಂದಳು. ನೆಟ್ಟಗೆ ಕೂತಳು. ಉಸಿರು ಎಳೆದುಕೊಂಡಳು, ಕಾದಳು. ಕತ್ತೆಯ ತುಟಿ ಅಲ್ಲಾಡಿತು —

“ಏಳೋ ಗಡವ...”

ಹತ್ತಕ್ಕೆ ಹತ್ತು. ಈ ಸಲ ಬಾಲವಿಲ್ಲ.