ಶಕ್ತಿನಗರದ ಏರ್ಲಾ ಇಜ್ಜೆರ್

ಚಿಗವ್ವಾ, ಇಲ್ಲಿಂದನ ನಿನ್ನ ಕಾಲು ಮುಟ್ಟೇನಿ.

ಮಂಗಳೂರಾಗ ನನ್ನ ಎಂ.ಎ. ಕ್ಲಾಸಿನ್ಯಾಗ ಯಾರಿಗೆ ಯಾರ ನಂಟು ಅನ್ನೋದರ ನಕ್ಷೆ ತಗಿಯೋದು ಕಲಸ್ತಾರ. ಸೋಶಿಯಲ್ ನೆಟ್‌ವರ್ಕ್ ಅನಾಲಿಸಿಸ್ ಅಂತಾರ ಅದಕ್ಕ. ಮನಷ್ಯಾ ಅಂದ್ರ ಒಂದು ಚುಕ್ಕಿ, ನಂಟು ಅಂದ್ರ ಒಂದು ಗೆರಿ. ಇಲ್ಲೇ ಊರಾಗಿನ ಶಕ್ತಿನಗರ ಅನ್ನೋ ಬಡಾವಣ್ಯಾಗ ನಲವತ್ತು ಮನಿಗೆ ಹೋಗಿ, ‘ಕಷ್ಟ ಬಂದ್ರ ಯಾರನ್ನ ಕರೀತೀರಿ?’ ಅಂತ ಕೇಳಿ ಹೆಸರು ಬರಕೊಂಡೆ. ನೊರ್ಬರ್ಟ್, ಡ್ಯಾಫ್ನಿ, ಇಂಥಾವ ಹೆಸರು. ಒಂಬತ್ತು ಮಂದಿ ‘ಏರ್ಲಾ ಇಜ್ಜೆರ್’ ಅಂದ್ರು. ಯಾರೋ ಕಿರಿಸ್ತಾನರ ಹೆಣ್ಮಗಳು ಇರಬೇಕು, ಪುಣ್ಯಾತಗಿತ್ತಿ ಅಂದ್ಕೊಂಡೆ. ನಕ್ಷೆದಾಗ ಆಕಿ ಚುಕ್ಕೀನ ಎಲ್ಲಾಕ್ಕಿಂತ ದೊಡ್ಡದಾತು.

ಆಕಿ ಮನಿ ಎಲ್ಲಿ ಅಂತ ಇವತ್ತ ಕ್ಲಾಸಿನ ಗೆಳತಿ ಪ್ರಾಪ್ತಿನ್ನ ಕೇಳಿದೆ. ಪ್ರಾಪ್ತಿ ಮಾರಿ ಸಣ್ಣದಾತು. ‘ಅದು ಹೆಸರು ಅಲ್ಲ ಮಾರಾಯ್ತಿ. ತುಳುವಿನಲ್ಲಿ ಯಾರೂ ಇಲ್ಲ ಅಂತ ಹೇಳುದು,’ ಅಂದ್ಲು.

ಕುಚ್ಚಲಕ್ಕಿ ಅನ್ನ ಹೊಟ್ಟಿಗೆ ಒಗ್ಗೇತಿ, ರೊಟ್ಟಿ ಕಳಸಬ್ಯಾಡ. ಕಾರ್ಡಿನ್ಯಾಗ ಜಾಗ ಮುಗೀತು. ಆ ಒಂಬತ್ತೂ ಮಂದಿಗೆ ನಾ, ‘ಅಂಥವರು ಒಬ್ಬರಿದ್ರ ಸಾಕು ಬಿಡ್ರಿ’ ಅಂತ ಹೇಳಿ ಬಂದೇನಿ ಚಿಗವ್ವಾ.

ನಿನ್ನ ಗಿರಿಜಾ