ಗೇಟಿನ ಬಲಗಡೆಯ ಸಾಲು

ಬುಧವಾರ, ಸಂಜೆ

ನನ್ನ ಪುಟ್ಟೀ,

ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಆರಾಮವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅಂಗಡಿ ಕೆಲಸ ಈಗಲೇ ಬಿಡಬೇಡ. ಸೂಟ್‌ಕೇಸಿಗೆ ಬಟ್ಟೆ ತುಂಬಿಸಿದ್ದರೆ ತೆಗೆದಿಡು. ಕಾರಣ ಬರೆಯೋಣವೆಂದು ಕೂತರೆ ಕೂತಲ್ಲಿ ಕೂರಲಾಗುತ್ತಿಲ್ಲ. ಆಗಲೇ ಎರಡು ಸಲ ಎದ್ದು, ಒರೆಸಿದ ಸ್ಟವ್ವನ್ನೇ ಒರೆಸಿ ಬಂದೆ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಂಪನಿಯಲ್ಲಿರುವುದು ನಿನಗೆ ಗೊತ್ತು. ಅಲ್ಲಿನ ಗೇಟಿನ ವಿಷಯ ಮಾತ್ರ ಬರೆದಿರಲಿಲ್ಲ. ಕೆಲಸ ಮುಗಿಸಿ ಹೊರಡುವಾಗ ಎರಡು ಸಾಲು. ಎಡಗಡೆಯವರು ಹಾಗೇ ಹೋಗಬಹುದು. ಬಲಗಡೆಯವರ ಚೀಲ ಬಿಚ್ಚಿ, ಊಟದ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ, ಸೋಪು ಕದ್ದಿದ್ದಾರೇನೋ ಎಂದು. ಯಾರು ಯಾವ ಕಡೆ ಎಂದು ಎಲ್ಲೂ ಬರೆದಿಲ್ಲ. ಕಾವಲುಗಾರ ಮುಖ ನೋಡಿ ಬೆರಳು ತೋರಿಸುತ್ತಾನೆ. ಕಪ್ಪಗಿರುವವರೆಲ್ಲ ಬಲಕ್ಕೆ. ನಾನೂ ಈ ದೇಶಕ್ಕೆ ಹೊರಗಿನವಳೇ, ಆದರೆ ನನ್ನ ಬಣ್ಣ ಅವನ ಕಣ್ಣಿಗೆ ಅಷ್ಟು ಚುಚ್ಚಲಿಲ್ಲ, ಎಡಕ್ಕೆ ಬಿಡುತ್ತಿದ್ದ. ನಾನೂ ತಲೆ ತಗ್ಗಿಸಿಕೊಂಡು ಬಸ್ಸು ಹಿಡಿಯುತ್ತಿದ್ದೆ.

ಇಸ್ತ್ರಿ ಯಂತ್ರದಲ್ಲಿ ಹಾಸಿಗೆ ಬಟ್ಟೆಯ ಇನ್ನೊಂದು ತುದಿ ಹಿಡಿಯುವವಳು ಗುಂಗುರಕ್ಕ. ಅವಳ ಗುಂಗುರು ಕೂದಲು ನೋಡಿ ನಾನಿಟ್ಟ ಹೆಸರು. ಅವಳು ನನ್ನನ್ನು ‘ಗಡಿಬಿಡಿ’ ಎನ್ನುತ್ತಾಳೆ. ಬೇರೆ ದೇಶದವಳು, ನಗು ಮಾತ್ರ ಥೇಟ್ ನಿನ್ನ ಸೋದರತ್ತೆಯದು, ಅಕ್ಕಪಕ್ಕದ ಮನೆಗೆಲ್ಲ ಕೇಳಿಸಬೇಕು. ಹೋದ ತಿಂಗಳು ಗೇಟಿನಲ್ಲಿ ಅವಳ ಚೀಲದಿಂದ ಒಳಬಟ್ಟೆ ಎತ್ತಿ ಎಲ್ಲರೆದುರು ಕೊಡವಿದರು. ಮಾರನೆಯ ದಿನ ಅವಳು ನಗಲಿಲ್ಲ.

ನಮ್ಮ ಬೀದಿಯ ಟೈಲರಮ್ಮ, ಹೊರಗಿನಿಂದ ಬಂದವರ ಸಂಘ ನಡೆಸುವವಳು, ಇದನ್ನು ಕೇಳಿ ಮನೆಮನೆಯ ಮೆಟ್ಟಿಲು ಹತ್ತಿಳಿದು ನಮ್ಮನ್ನೆಲ್ಲ ತನ್ನ ಹೊಲಿಗೆ ಕೋಣೆಯಲ್ಲಿ ಸೇರಿಸಿದಳು. ಒಬ್ಬರ ಮಾತು ಒಬ್ಬರಿಗಾಗದು, ಬರೀ ಜಗಳ. ಕೊನೆಗೆ ಗುಂಗುರಕ್ಕನೇ ಕೇಳಿದಳು: “ಎಡಗಡೆ ಹೋಗೋರು ಒಂದಿನ ನಮ್ ಜೊತೆ ನಿಂತ್ಕೊಂಡ್ರೆ ಏನಾಗುತ್ತೆ?” ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳಲು ಕಂಪನಿಯ ಒಪ್ಪಿಗೆ ಬೇಕಲ್ಲ, ಅದೇ ನನ್ನನ್ನು ಹಿಂದಕ್ಕೆಳೆಯಿತು. ಆದರೂ “ನಾನ್ ನಿಂತ್ಕೋತೀನಿ” ಅಂದುಬಿಟ್ಟೆ. ಅಂದವಳೂ ನಾನೇ, ಕೇಳಿ ಬೆಚ್ಚಿದವಳೂ ನಾನೇ.

ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿದರು. ಸೋಮವಾರ ಎಲ್ಲರೂ ಬಲಕ್ಕೆ ನಿಂತೆವು. ಎಡಗಡೆ ನರಪಿಳ್ಳೆಯೂ ಇಲ್ಲ. ಕಾವಲುಗಾರ ನನ್ನನ್ನು ನೋಡಿ, “ನೀನ್ಯಾಕಮ್ಮ ಇಲ್ಲಿ? ಆ ಕಡೆ ಹೋಗು” ಎಂದ. “ನನ್ ಚೀಲಾನೂ ನೋಡಿ” ಎಂದೆ. ಅವನಿಗೆ ರೇಗಿತು. ನೂಕುನುಗ್ಗಲಾಗಿ ಅವನು ಬಿದ್ದ, ಮೊಣಕೈ ತರಚಿತು. ಗುಂಗುರಕ್ಕನೇ ತಳ್ಳಿದಳೆಂದು ಅವಳನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಕೆಲಸ ಹೋದರೆ ಅವಳು ಈ ದೇಶದಲ್ಲಿ ಇರುವಂತಿಲ್ಲ.

ನಿನ್ನೆ ಮ್ಯಾನೇಜರು ನನ್ನನ್ನು ಕರೆದು ಕುರ್ಚಿ ಕೊಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ. “ಅವಳೇ ತಳ್ಳಿದ್ದು ಅಂತ ವಿಚಾರಣೇಲಿ ಹೇಳ್ಬಿಡಿ. ನಿಮ್ಮ ಮಗಳ ಒಪ್ಪಿಗೆ ಅವತ್ತೇ ಕಳಿಸ್ತೀನಿ” ಅಂದರು. ಯೋಚಿಸುತ್ತೇನೆ ಎಂದು ಬಂದೆ. ನಿಜಕ್ಕೂ ಯೋಚಿಸಿದೆ, ಪುಟ್ಟೀ. ಬಸ್ಸಿನಲ್ಲಿ ನಿನ್ನ ಮುಖವೇ ಕಣ್ಣಮುಂದೆ. ಇಳಿಯುವ ಸ್ಟಾಪು ದಾಟಿ ಎಲ್ಲಿಗೋ ಹೋಗಿದ್ದೆ.

ನಾಳೆ ವಿಚಾರಣೆ. ಅವಳು ತಳ್ಳಲಿಲ್ಲ ಎಂದೇ ಹೇಳುತ್ತೇನೆ. ನೀನು ಇನ್ನೂ ಸ್ವಲ್ಪ ಕಾಲ ಅಲ್ಲೇ ಇರಬೇಕಾದೀತು. ಎಷ್ಟು ಕಾಲ ಎಂದು ಕೇಳಬೇಡ. ಬೈಯಬೇಕೆನಿಸಿದರೆ ಪುಟಗಟ್ಟಲೆ ಬೈದು ಬರಿ, ಬರೆಯದೆ ಮಾತ್ರ ಇರಬೇಡ.

ಇಲ್ಲಿಂದಲೇ ನಿನ್ನ ತಲೆ ನೇವರಿಸುವ,
ನಿನ್ನ ಅಮ್ಮ

ತಾ.ಕ.: ಅಷ್ಟು ಗದ್ದಲದಲ್ಲಿ ಯಾರು ತಳ್ಳಿದರೆಂದು ‘ನಿನಗೆ ಹೇಗೆ ಗೊತ್ತಮ್ಮಾ’ ಎಂದು ನೀನು ಕೇಳುವವಳೇ. ಕಾವಲುಗಾರ ಗುಂಗುರಕ್ಕನ ಕೂದಲಿಗೆ ಕೈ ಹಾಕಿದ, ತಳ್ಳಿದ್ದು ನಾನು. ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ನೀನು ಬರುವುದು ತಪ್ಪಬಾರದೆಂದು ಇದುವರೆಗೂ ನನ್ನ ಹೆಸರು ಎತ್ತಿಲ್ಲ. ನಾಳೆ ನಾನೇ ಹೇಳುತ್ತೇನೆ.